ಕೊಂದವನು ಯಾರೋ, ಕೊಡೋದು ನಾವ್ಯಾಕೆ?

ಟಿವಿ ನ್ಯೂಸ್‌ನ ಕೆಳಗೆ ಓಡುವ ಪಟ್ಟಿಯಲ್ಲಿ ಆಗಾಗ ಕಾಣುವ ಸಾಲು ಇದು: ‘ಮೃತರ ಕುಟುಂಬಕ್ಕೆ ಇಷ್ಟು ಲಕ್ಷ ಪರಿಹಾರ ಘೋಷಣೆ’. ಓದಿದ ಕೂಡಲೇ ನಮ್ಮ ಬಾಯಿಂದ ಎರಡರಲ್ಲೊಂದು ಮಾತು ಬರುತ್ತೆ. ಒಂದು, ‘ಪಾಪ, ಅಷ್ಟಾದ್ರೂ ಸಿಕ್ತಲ್ಲ’. ಇನ್ನೊಂದು, ‘ಎಲ್ಲಾ ನಮ್ಮ ಟ್ಯಾಕ್ಸ್ ದುಡ್ಡು ಸ್ವಾಮಿ’. ಆಫೀಸಿನ ಊಟದ ಟೇಬಲ್ಲಿನಲ್ಲಿ ಎರಡನೆಯದೇ ಜಾಸ್ತಿ. ಪ್ರತಿ ತಿಂಗಳು ಪೇಸ್ಲಿಪ್ಪಿನಲ್ಲಿ ಟಿಡಿಎಸ್ ಕಾಲಂ ನೋಡಿ ನಿಟ್ಟುಸಿರು ಬಿಡುವ ನಮ್ಮಂಥವರು ಅದನ್ನು ಕೇಳೋದರಲ್ಲಿ ಆಶ್ಚರ್ಯವೂ ಇಲ್ಲ.

ಪ್ರಶ್ನೆ ಒರಟಾಗಿದ್ದರೂ ತಪ್ಪೇನಲ್ಲ. ಯಾರೋ ಒಬ್ಬ ಇನ್ನೊಬ್ಬನನ್ನು ಕೊಂದ. ಕೊಂದವನು ಸರ್ಕಾರಿ ನೌಕರನಲ್ಲ, ಸರ್ಕಾರ ಅವನಿಗೆ ಮಚ್ಚು ಕೊಟ್ಟು ಕಳಿಸಿರಲಿಲ್ಲ. ಹಾಗಿದ್ದ ಮೇಲೆ ಸರ್ಕಾರ ಯಾಕೆ ಕೊಡಬೇಕು? ಕೊಡೋದಾದರೆ ಎಷ್ಟು? ಯಾರಿಗೆ? ಕೊಟ್ಟ ಮೇಲೆ ಏನು ತೀರಿತು, ಏನು ಉಳೀತು? ಈ ನಾಲ್ಕು ಪ್ರಶ್ನೆಗಳನ್ನ ಸ್ವಲ್ಪ ನಿಧಾನವಾಗಿ ನೋಡೋಣ ಅಂತ ಈ ಬರಹ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ‘ಸರ್ಕಾರದ ಪರಿಹಾರ’ ಅನ್ನೋ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ವಿಷಯಗಳಿವೆ.

ಒಂದನೆಯದು, ತಪ್ಪು ಮಾಡಿದ್ದು ಸರ್ಕಾರವೇ ಆಗಿದ್ದಾಗ ಕೊಡುವ ದುಡ್ಡು. ಬಿಹಾರದ ರುದುಲ್ ಸಾಹ್ ಅನ್ನುವವರನ್ನ ಕೋರ್ಟು 1968ರಲ್ಲೇ ನಿರ್ದೋಷಿ ಅಂತ ಬಿಡುಗಡೆ ಮಾಡಿತ್ತು. ಜೈಲಿನಿಂದ ಅವರು ಹೊರಗೆ ಬಂದಿದ್ದು 1982ರಲ್ಲಿ. ಹದಿನಾಲ್ಕು ವರ್ಷ ಸುಮ್ಮನೆ ಒಳಗಿದ್ದರು. 1983ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯ ಸರ್ಕಾರಕ್ಕೆ ‘ದುಡ್ಡು ಕೊಡಿ’ ಅಂತ ಹೇಳಿತು. ಹತ್ತು ವರ್ಷದ ನಂತರ ಒಡಿಶಾದ ನೀಲಬತಿ ಬೆಹೆರಾ ಪ್ರಕರಣ. ಪೊಲೀಸರು ಕರೆದುಕೊಂಡು ಹೋದ ಮಗ ಮರುದಿನ ರೈಲು ಹಳಿಯ ಮೇಲೆ ಹೆಣವಾಗಿ ಸಿಕ್ಕಿದ. ತಾಯಿ ಬರೆದ ಪತ್ರವನ್ನೇ ಅರ್ಜಿ ಅಂತ ತಗೊಂಡು ಕೋರ್ಟು ಒಂದೂವರೆ ಲಕ್ಷ ಕೊಡಿಸಿತು. ಇಲ್ಲಿ ‘ಸರ್ಕಾರ ಯಾಕೆ ಕೊಡಬೇಕು’ ಅನ್ನುವ ಪ್ರಶ್ನೆಯೇ ಏಳಲ್ಲ. ಮುರಿದವನು ಕಟ್ಟಿಕೊಡಬೇಕು, ಅಷ್ಟೇ.

ಎರಡನೆಯದು, ಅಪರಾಧ ಮಾಡಿದ್ದು ಖಾಸಗಿ ವ್ಯಕ್ತಿ, ಆದರೆ ಕಾನೂನಿನ ಪ್ರಕಾರ ಸರ್ಕಾರ ಕೊಡುವ ದುಡ್ಡು. ಇದಕ್ಕೆ ದಾರಿ ಮಾಡಿದ್ದು ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಗೆ 2008ರ ತಿದ್ದುಪಡಿಯಲ್ಲಿ ಸೇರಿಸಿದ 357ಎ ಕಲಂ. 2009ರ ಕೊನೆಯ ದಿನ ಜಾರಿಗೆ ಬಂತು. ಈಗ ಹೊಸ ಸಂಹಿತೆ ಬಂದ ಮೇಲೆ ಅದೇ 396ನೇ ಕಲಂ ಆಗಿದೆ. ಪ್ರತಿ ರಾಜ್ಯವೂ ಇದಕ್ಕೊಂದು ಯೋಜನೆ ಮಾಡಬೇಕು, ನಮ್ಮ ಕರ್ನಾಟಕದ್ದು 2011ರದು.

ಮೂರನೆಯದು, ಮಂತ್ರಿಗಳು ಮನೆಗೆ ಬಂದು, ಕ್ಯಾಮೆರಾ ಮುಂದೆ ಕೈಗಿಡುವ ಚೆಕ್ಕು. ಇದಕ್ಕೆ ಪಟ್ಟಿ ಇಲ್ಲ, ನಿಯಮ ಇಲ್ಲ. ಅವರಿಗೆ ಅನ್ನಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಮಗೆ ಟಿವಿಯಲ್ಲಿ ಕಾಣೋದು ಮೂರನೆಯದು. ಹಾಗಾಗಿ ಎಲ್ಲಾ ಪರಿಹಾರವೂ ಹೀಗೇ ಅಂದುಕೊಂಡುಬಿಡುತ್ತೇವೆ. ನಾನು ಹೆಚ್ಚು ಮಾತಾಡಬೇಕು ಅಂದುಕೊಂಡಿರೋದು ಎರಡನೆಯದರ ಬಗ್ಗೆ.

ಇದು ಇತ್ತೀಚಿನ ಕಲ್ಪನೆ ಅಂತ ತಿಳ್ಕೋಬೇಡಿ. ಸುಮಾರು 3,700 ವರ್ಷದ ಹಿಂದಿನ ಬ್ಯಾಬಿಲೋನ್ ದೊರೆ ಹಮ್ಮುರಾಬಿಯ ಶಾಸನದಲ್ಲಿ ಇದಿದೆ. ದರೋಡೆಕೋರ ಸಿಗದೇ ಹೋದರೆ ದೋಚಿಹೋದ ಮಾಲಿನ ನಷ್ಟವನ್ನ ಆ ಊರು, ಆ ಊರಿನ ಅಧಿಕಾರಿ ತುಂಬಿಕೊಡಬೇಕು. ಜೀವ ಹೋಗಿದ್ದರೆ ಸತ್ತವರ ಕಡೆಯವರಿಗೆ ಒಂದು ಮಿನಾ ಬೆಳ್ಳಿ, ಅಂದರೆ ಈಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಅರ್ಧ ಕೇಜಿ. ಅಷ್ಟು ದೂರ ಯಾಕೆ, ನಮ್ಮ ಕಲ್ಯಾಣದಲ್ಲೇ, ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಮಿತಾಕ್ಷರ ಬರೆದನಲ್ಲ, ಅದು ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಆ ಪರಂಪರೆಯಲ್ಲಿ ಕಳುವಾದ ಸೊತ್ತನ್ನ ಪ್ರಜೆಗೆ ವಾಪಸ್ ಕೊಡಿಸೋದು ರಾಜನ ಕರ್ತವ್ಯ. ಕಳ್ಳ ಸಿಗಲಿಲ್ಲ ಅಂದರೆ ತನ್ನ ಬೊಕ್ಕಸದಿಂದ ಕೊಡಬೇಕು. ಕಂದಾಯ ತಗೊಂಡಿದ್ದೀಯ, ಕಾಯೋದು ನಿನ್ನ ಕೆಲಸ, ಕಾಯಲಿಲ್ಲ ಅಂದರೆ ತೆತ್ತುಕೊಡು. ಲೆಕ್ಕ ಸೀದಾ ಇದೆ.

ಆಧುನಿಕ ಕಾಲದಲ್ಲಿ ಇದನ್ನ ಮತ್ತೆ ಶುರು ಮಾಡಿದ್ದು ನ್ಯೂಜಿಲೆಂಡ್, 1963ರ ಕಾಯ್ದೆಯಿಂದ. ಮರುವರ್ಷ ಬ್ರಿಟನ್. ಬ್ರಿಟನ್ನಿನಲ್ಲಿ ಅದರ ಹಿಂದೆ ಬಿದ್ದವರು ಮಾರ್ಜರಿ ಫ್ರೈ ಎಂಬ ಮಹಿಳೆ. ಅವರು ಬದುಕಿಡೀ ದುಡಿದಿದ್ದು ಕೈದಿಗಳ ಸ್ಥಿತಿ ಸುಧಾರಿಸೋದಕ್ಕೆ. ಕೊನೆಗಾಲದಲ್ಲಿ ಅವರು ಕೇಳಿದ್ದು, ಏಟು ತಿಂದವನ ಕಥೆ ಏನು ಅಂತ. ಕೈದಿಗಳ ಪರ ನಿಂತವರೇ ಸಂತ್ರಸ್ತರ ಪರವೂ ನಿಂತರು ಅನ್ನೋದು ನೆನಪಿಟ್ಟುಕೊಳ್ಳಬೇಕಾದ ವಿಷಯ. ಒಬ್ಬರ ಪರ ಇದ್ದರೆ ಇನ್ನೊಬ್ಬರ ವಿರುದ್ಧ ಅನ್ನೋದು ಟಿವಿ ಡಿಬೇಟಿನ ಗಣಿತ.

ಈಗ ಮೂಲ ಪ್ರಶ್ನೆ. ಯಾಕೆ ಕೊಡಬೇಕು?

ಹಳೆಯ ಉತ್ತರ: ಕಾಪಾಡುವುದು ಸರ್ಕಾರದ ಕೆಲಸ, ಅದರಲ್ಲಿ ಸೋತಿದೆ, ಹಾಗಾಗಿ ಕೊಡಬೇಕು. ಕೇಳೋಕೆ ಚೆನ್ನಾಗಿದೆ. ಆದರೆ ಪೂರ್ತಿ ಒಪ್ಪೋದು ಕಷ್ಟ. ರಾತ್ರಿ ಹನ್ನೆರಡಕ್ಕೆ ಅಡುಗೆ ಮನೆಯಲ್ಲಿ ಅಣ್ಣ ತಮ್ಮನಿಗೆ ಚಾಕು ಹಾಕಿದರೆ ಯಾವ ಪೊಲೀಸು ತಡೆಯೋಕೆ ಸಾಧ್ಯ? ಪ್ರತಿ ಅಡುಗೆ ಮನೆಯಲ್ಲೂ ಒಬ್ಬ ಕಾನ್‌ಸ್ಟೇಬಲ್ ನಿಲ್ಲುವ ರಾಜ್ಯದಲ್ಲಿ ನೀವೂ ಇರೋಕೆ ಒಪ್ಪಲ್ಲ, ನಾನೂ ಒಪ್ಪಲ್ಲ. ಎಲ್ಲ ಕೊಲೆಯೂ ಸರ್ಕಾರದ ಸೋಲಲ್ಲ. ಬರೀ ಈ ಉತ್ತರವನ್ನೇ ನಂಬಿದರೆ, ಪೊಲೀಸರ ತಪ್ಪಿಲ್ಲದ ಕಡೆಯೆಲ್ಲ ಕುಟುಂಬಗಳನ್ನ ಬರಿಗೈಲಿ ಕಳಿಸಬೇಕಾಗುತ್ತೆ.

ಎರಡನೇ ಉತ್ತರ ನನಗೆ ಹೆಚ್ಚು ಗಟ್ಟಿ ಅನ್ನಿಸುತ್ತೆ. ಅದಕ್ಕೆ ಕೋರ್ಟಿನ ಯಾವುದಾದರೂ ಕೊಲೆ ಕೇಸಿನ ಹೆಸರು ನೋಡಿ. ‘ಕರ್ನಾಟಕ ರಾಜ್ಯ ವಿರುದ್ಧ ಇಂಥವನು’ ಅಂತ ಇರುತ್ತೆ. ಗಂಡನನ್ನು ಕಳೆದುಕೊಂಡವಳ ಹೆಸರು ಅಲ್ಲಿರಲ್ಲ. ಅವಳು ಆ ಕೇಸಿನಲ್ಲಿ ಪಿಡಬ್ಲ್ಯೂ-1 ಅಥವಾ ಪಿಡಬ್ಲ್ಯೂ-2, ಅಂದರೆ ಒಂದು ಸಾಕ್ಷಿಯ ನಂಬರು. ನಡೆದ ತಪ್ಪು ಅವಳ ವಿರುದ್ಧ ಅಲ್ಲ, ರಾಜ್ಯದ ವಿರುದ್ಧ ಅಂತ ಕಾನೂನು ಹೇಳುತ್ತೆ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಪಕ್ಕದೂರಲ್ಲಿ ಬದುವಿನ ಜಗಳಕ್ಕೆ ಒಬ್ಬರ ಕೊಲೆ ಆಯ್ತು. ಎರಡಡಿ ಅಗಲದ ಬದು. ಸತ್ತವರ ಹೆಂಡತಿಯನ್ನ ನಾವೆಲ್ಲ ಅಕ್ಕ ಅಂತಲೇ ಕರೀತಿದ್ದೆವು. ಎರಡು ಮಕ್ಕಳು. ಕೇಸು ನಡೀತು. ಸಮನ್ಸ್ ಬಂದಾಗಲೆಲ್ಲ ಅಕ್ಕ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹಿಡಿದು ಕೋರ್ಟಿಗೆ ಹೋಗೋರು. ‘ಇವತ್ತು ಆಗಲ್ಲ, ಮುಂದಿನ ಡೇಟು’ ಅಂತ ಕೇಳಿಕೊಂಡು ವಾಪಸ್ ಬರೋರು. ಊರವರು ಒಬ್ಬೊಬ್ಬರಾಗಿ ಸಾಕ್ಷಿ ತಿರುಗಿಸಿ ಹೇಳಿದರು. ಕೊನೆಗೆ ಎಲ್ಲರೂ ಖುಲಾಸೆ. ಆಗ ಈ ಯೋಜನೆ ಇನ್ನೂ ಹುಟ್ಟಿರಲಿಲ್ಲ. ಸರ್ಕಾರದ ಕಡೆಯಿಂದ ಆ ಮನೆಗೆ ಬಂದಿದ್ದು ಸಮನ್ಸ್ ಮಾತ್ರ. ಗಂಡ ಸೊಸೈಟಿಯಲ್ಲಿ ತಗೊಂಡ ಬೆಳೆ ಸಾಲದ ನೋಟಿಸೂ ಬಂತು ಅನ್ನಿ, ಅದು ಬೇರೆ.

ಆ ಅಕ್ಕನ ಅಣ್ಣತಮ್ಮಂದಿರು ಸೇಡು ತೀರಿಸಿಕೊಳ್ಳೋಕೆ ಹೋಗಬಹುದಿತ್ತು. ಹೋಗಲಿಲ್ಲ. ಹೋಗಬಾರದು ಅಂತಲೇ ಕಾನೂನು ಇರೋದು. ಕತ್ತಿ ಕೆಳಗಿಡಿ, ನಾನು ನೋಡಿಕೊಳ್ಳುತ್ತೇನೆ ಅಂತ ರಾಜ್ಯ ಹೇಳುತ್ತೆ. ನ್ಯಾಯ ಮಾಡುವ ಹಕ್ಕನ್ನ ನಮ್ಮ ಕೈಯಿಂದ ತಗೊಳ್ಳುತ್ತೆ. ತಗೊಂಡ ಮೇಲೆ ‘ಸಾಕ್ಷಿ ಸಾಲದು, ಖುಲಾಸೆ’ ಅಂತ ಹೇಳಿದಾಗ ಆ ಮಾತನ್ನ ಒಪ್ಪಿಕೊಂಡು ಮನೆಗೆ ಹೋಗಬೇಕು ಅಂತಲೂ ಕೇಳುತ್ತೆ. ಇಷ್ಟೆಲ್ಲ ಕೇಳಿದವನಿಗೆ ಒಂದು ಋಣ ಇರಲ್ವಾ? ‘ನಿನ್ನ ಜಗಳ ನನ್ನದು’ ಅಂದವನು ‘ನಿನ್ನ ನಷ್ಟ ಮಾತ್ರ ನಿನ್ನದೇ’ ಅಂದರೆ ಹೇಗೆ?

ಅದಕ್ಕೇ ಈ ಕಲಂನಲ್ಲಿ ನನಗೆ ಬಹಳ ಮುಖ್ಯ ಅನ್ನಿಸೋದು ಅದರ ಎರಡು ಸಣ್ಣ ಸಾಲು. ಒಂದು, ಆರೋಪಿಗಳು ಖುಲಾಸೆಯಾದರೂ, ಸಂತ್ರಸ್ತರಿಗೆ ಪುನರ್ವಸತಿ ಬೇಕು ಅನ್ನಿಸಿದರೆ ಕೋರ್ಟು ಪರಿಹಾರಕ್ಕೆ ಶಿಫಾರಸು ಮಾಡಬಹುದು. ಇನ್ನೊಂದು, ಅಪರಾಧಿ ಯಾರು ಅಂತಲೇ ಗೊತ್ತಾಗದೆ, ವಿಚಾರಣೆಯೇ ನಡೆಯದೇ ಹೋದರೂ ಕುಟುಂಬ ನೇರವಾಗಿ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಅಂದರೆ ಇದು ಅಪರಾಧಿಯ ಜುಲ್ಮಾನೆ ಅಲ್ಲ. ಅವನು ಸಿಕ್ಕರೂ ಸಿಗದಿದ್ದರೂ ಸತ್ತವರು ಸತ್ತಿದ್ದಾರೆ, ಮಕ್ಕಳ ಫೀಸು ಕಟ್ಟಬೇಕಾಗಿದೆ. ಕಾನೂನು ಇದನ್ನ ಅರ್ಥ ಮಾಡಿಕೊಂಡಿದೆ.

ಮೂರನೇ ಉತ್ತರವೂ ಒಂದಿದೆ, ಅದು ಹಳ್ಳಿಯಲ್ಲಿ ಬೆಳೆದವರಿಗೆ ಬೇಗ ಹತ್ತುತ್ತೆ. ಮುಯ್ಯಿ. ಮದುವೆ ಮನೆಗೆ ಮುಯ್ಯಿ ಮಾಡ್ತೀವಿ, ಹೊಲದ ಕೆಲಸಕ್ಕೆ ಮುಯ್ಯಾಳು ಹೋಗ್ತೀವಿ. ಇವತ್ತು ನಿಮ್ಮನೆಗೆ, ನಾಳೆ ನಮ್ಮನೆಗೆ. ಕೊಲೆ ಯಾರ ಮನೆ ಬಾಗಿಲು ತಟ್ಟುತ್ತೆ ಅಂತ ಮೊದಲೇ ಗೊತ್ತಿಲ್ಲ. ಗೊತ್ತಿಲ್ಲದಿರುವಾಗಲೇ ಎಲ್ಲರೂ ಸೇರಿ ಒಂದು ಪಾಲು ತೆಗೆದಿಡೋದು. ನನ್ನ ಟ್ಯಾಕ್ಸಿನ ಒಂದು ಚೂರು ಹಾಗೆ ಹೋದರೆ ಅದು ದಾನ ಅಲ್ಲ, ನಾನು ಮಾಡಿದ ಮುಯ್ಯಿ. ವಾಪಸ್ ಪಡೆಯುವ ದಿನ ಬರದಿರಲಿ ಅಂತ ಆಸೆ ಅಷ್ಟೇ.

ಸರಿ, ಕೊಡಬೇಕು ಅಂತ ಒಪ್ಪಿದೆವು ಅಂದುಕೊಳ್ಳಿ. ಎಷ್ಟು?

ಇಲ್ಲಿ ನಮ್ಮ ದೇಶದಲ್ಲೇ ಎರಡು ಬೇರೆ ಲೆಕ್ಕಗಳಿವೆ. ರಸ್ತೆ ಅಪಘಾತದ ಲೆಕ್ಕ ಒಂದು. 2009ರ ಸರಳಾ ವರ್ಮಾ ತೀರ್ಪು, 2017ರ ಪ್ರಣಯ್ ಸೇಠಿ ತೀರ್ಪು ಇದಕ್ಕೆ ಸೂತ್ರ ಹಾಕಿಕೊಟ್ಟಿವೆ. ಎಕ್ಸೆಲ್ ಶೀಟಿನಲ್ಲಿ ಹಾಕಬಹುದು. ವರ್ಷಕ್ಕೆ 18 ಲಕ್ಷ ಸಂಬಳದ, ಕಾಯಂ ಕೆಲಸದ, 32 ವರ್ಷದ ಇಂಜಿನಿಯರ್ ಅಂತಿಟ್ಟುಕೊಳ್ಳಿ. ಹೆಂಡತಿ, ಮಗು, ತಾಯಿ ಅವನನ್ನ ನೆಚ್ಚಿಕೊಂಡಿದ್ದಾರೆ. ಮುಂದೆ ಸಂಬಳ ಏರುತ್ತಿತ್ತು ಅಂತ ಶೇ. 50 ಸೇರಿಸಿ, 27 ಲಕ್ಷ. ಅವನ ಸ್ವಂತ ಖರ್ಚು ಅಂತ ಮೂರನೇ ಒಂದು ಭಾಗ ಕಳೆಯಿರಿ, 18 ಲಕ್ಷ. ಆ ವಯಸ್ಸಿಗೆ 16ರಿಂದ ಗುಣಿಸಿ. 2 ಕೋಟಿ 88 ಲಕ್ಷ. ಇನ್‌ಕಮ್ ಟ್ಯಾಕ್ಸ್ ಕಳೆಯೋದನ್ನ ಸರಳವಾಗಿರಲಿ ಅಂತ ಬಿಟ್ಟಿದ್ದೇನೆ.

ಅದೇ ವಯಸ್ಸಿನ, ಅಷ್ಟೇ ಜನರನ್ನ ಸಾಕುತ್ತಿದ್ದ, ವರ್ಷಕ್ಕೆ 1 ಲಕ್ಷ 20 ಸಾವಿರ ದುಡಿಯುತ್ತಿದ್ದ ಕೂಲಿಯವನಿಗೆ? ಕಾಯಂ ಕೆಲಸ ಅಲ್ಲವಾದ್ದರಿಂದ ಶೇ. 40 ಮಾತ್ರ ಸೇರಿಸಬೇಕು. ಅದೇ ಸೂತ್ರದಲ್ಲಿ 17 ಲಕ್ಷ 92 ಸಾವಿರ. ಸೂತ್ರದ ಪ್ರಕಾರ ಒಬ್ಬ ಇಂಜಿನಿಯರ್ ಹದಿನಾರು ಕೂಲಿಯವರಿಗೆ ಸಮ.

ಈಗ ಇಬ್ಬರಿಗೂ ಲಾರಿ ಗುದ್ದಲಿಲ್ಲ, ಯಾರೋ ಚಾಕು ಹಾಕಿದರು ಅಂತಿಟ್ಟುಕೊಳ್ಳಿ. ಆಗ ಸೂತ್ರವೇ ಬದಲಾಗುತ್ತೆ. ಸಂತ್ರಸ್ತರ ಪರಿಹಾರದ ಯೋಜನೆಗಳು ಅಪರಾಧದ ಬಗೆಗೆ ತಕ್ಕಂತೆ ಒಂದು ಪಟ್ಟಿ ಇಟ್ಟುಕೊಂಡಿವೆ. ಉದಾಹರಣೆಗೆ ಸುಪ್ರೀಂ ಕೋರ್ಟಿನ ಸೂಚನೆ ಮೇಲೆ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2018ರಲ್ಲಿ ಮಹಿಳಾ ಸಂತ್ರಸ್ತರಿಗಾಗಿ ಮಾಡಿದ ಯೋಜನೆಯಲ್ಲಿ ಜೀವಹಾನಿಗೆ ಕನಿಷ್ಠ 5 ಲಕ್ಷ, ಗರಿಷ್ಠ 10 ಲಕ್ಷ. ಎಂಥ ದೊಡ್ಡ ಸಂಬಳದವರಾದರೂ ಕೋಟಿಯ ಮಾತಿಲ್ಲ.

ಇದು ಅನ್ಯಾಯ ಅಂತ ಅನ್ನಿಸಬಹುದು. ನನಗೆ ಹಾಗನ್ನಿಸಲ್ಲ, ಮೊತ್ತ ಕಡಿಮೆ ಅನ್ನೋದನ್ನ ಬಿಟ್ಟರೆ. ಅಪಘಾತದ ದುಡ್ಡು ಇನ್ಶೂರೆನ್ಸ್ ಕಂಪನಿಯದು, ಗಾಡಿ ಓನರುಗಳು ಕಟ್ಟಿದ ಪ್ರೀಮಿಯಂನಿಂದ ಬರುವಂಥದ್ದು. ಅಲ್ಲಿ ಅಳೆಯೋದು ನಷ್ಟವನ್ನ. ಸರ್ಕಾರದ ಪರಿಹಾರ ಹಾಗಲ್ಲ. ಅದು ಒಬ್ಬ ಪ್ರಜೆಯ ಮನೆಗೆ ರಾಜ್ಯ ತೀರಿಸುವ ಋಣ. ಓಟು ಹಾಕುವಾಗ ಇಂಜಿನಿಯರಿಗೆ ಹದಿನಾರು ಓಟಿಲ್ಲ.

ಇದರ ಬಗ್ಗೆ ಅಮೆರಿಕದ ಒಂದು ಅನುಭವ ಇದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಲ್ಲಿನ ಸಂಸತ್ತು ಮೃತರ ಕುಟುಂಬಗಳಿಗೆ ಒಂದು ನಿಧಿ ಮಾಡಿತು. ಅದನ್ನ ಹಂಚುವ ಹೊಣೆ ಹೊತ್ತವರು ಕೆನೆತ್ ಫೈನ್‌ಬರ್ಗ್ ಎಂಬ ವಕೀಲರು. ಸತ್ತವರು ಮುಂದೆ ಎಷ್ಟು ದುಡಿಯುತ್ತಿದ್ದರು ಅನ್ನೋದನ್ನ ಲೆಕ್ಕ ಹಾಕಿ ಕೊಡಬೇಕು ಅಂತ ಕಾನೂನೇ ಹೇಳಿತ್ತು. ಕೊಟ್ಟ ಮೊತ್ತ ಎರಡೂವರೆ ಲಕ್ಷ ಡಾಲರಿನಿಂದ 70 ಲಕ್ಷ ಡಾಲರಿಗೂ ಮೇಲೆ ಹೋಯಿತು. ಬೆಂಕಿ ಆರಿಸೋಕೆ ಕಟ್ಟಡದೊಳಗೆ ನುಗ್ಗಿ ಸತ್ತವರ ಮನೆಯವರು ಬಂದು ಕೇಳಿದರು: ಬ್ಯಾಂಕರಿಗಿಂತ ನಮ್ಮವರ ಜೀವ ಅಗ್ಗವಾ? ಇದನ್ನೆಲ್ಲ ನೋಡಿದ ಫೈನ್‌ಬರ್ಗ್ ಆಮೇಲೆ, ಮತ್ತೊಮ್ಮೆ ಇಂಥ ನಿಧಿ ಮಾಡೋದಾದರೆ ಎಲ್ಲರಿಗೂ ಒಂದೇ ಮೊತ್ತ ಕೊಡಬೇಕು ಅಂತ ಬರೆದರು. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಗುಂಡೇಟಿಗೆ ಸತ್ತವರ ಕುಟುಂಬಗಳಿಗೆ ದಾನಿಗಳ ಹಣ ಹಂಚುವಾಗ ಹಾಗೇ ಮಾಡಿದರು. ವಿದ್ಯಾರ್ಥಿ, ಪ್ರೊಫೆಸರ್ ಅನ್ನುವ ಭೇದ ಇಲ್ಲದೆ ಸಮ.

ಅದೇ ಫೈನ್‌ಬರ್ಗ್ ಅವರಿಗೆ ಇನ್ನೊಂದು ಪ್ರಶ್ನೆಯೂ ಬಂದಿತ್ತು. 1995ರ ಒಕ್ಲಹೋಮಾ ಬಾಂಬ್ ಸ್ಫೋಟದಲ್ಲಿ ಮನೆಯವರನ್ನ ಕಳೆದುಕೊಂಡವರು ಕೇಳಿದರು: ನಮಗೆ ಯಾಕಿಲ್ಲ?

ಈ ‘ನಮಗೆ ಯಾಕಿಲ್ಲ’ ನಮ್ಮ ಮೂರನೇ ಪ್ರಶ್ನೆ. ಯಾರಿಗೆ ಕೊಡಬೇಕು?

2022ರ ಜುಲೈ ನೆನಪಿಸಿಕೊಳ್ಳಿ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹತ್ತು ದಿನಗಳ ಅಂತರದಲ್ಲಿ ಮೂವರು ಯುವಕರ ಮೇಲೆ ದಾಳಿಯಾಗಿ ಮೂವರೂ ಸತ್ತರು. ಒಬ್ಬರ ಮನೆಗೆ ಅಂದಿನ ಮುಖ್ಯಮಂತ್ರಿ ಹೋದರು, 25 ಲಕ್ಷದ ಚೆಕ್ ಕೊಟ್ಟರು. ಉಳಿದ ಎರಡು ಮನೆಗಳಿಗೆ ಹೋಗಲಿಲ್ಲ, ಚೆಕ್ಕೂ ಇಲ್ಲ. ಸರ್ಕಾರ ಬದಲಾಯಿತು. 2023ರ ಜೂನ್‌ನಲ್ಲಿ ಹೊಸ ಮುಖ್ಯಮಂತ್ರಿ ಆ ಎರಡು ಮನೆಯೂ ಸೇರಿ ನಾಲ್ಕು ಕುಟುಂಬಗಳಿಗೆ ತಲಾ 25 ಲಕ್ಷ ಕೊಟ್ಟರು. ಆ ನಾಲ್ವರಲ್ಲಿ ಒಬ್ಬರು 2018ರ ಜನವರಿಯಲ್ಲೇ ಕೊಲೆಯಾಗಿದ್ದವರು.

ಯಾವ ಪಕ್ಷ ಒಳ್ಳೇದು ಅನ್ನೋ ಚರ್ಚೆಗೆ ನಾನಿಲ್ಲಿ ಹೋಗಲ್ಲ. ಆ ತಾಯಂದಿರ ಜಾಗದಲ್ಲಿ ನಿಂತು ಯೋಚಿಸಿ. ಮೂರೂ ಮನೆಯಲ್ಲಿ ಹೆಣ ಬಂದಿದೆ. ಒಂದು ಮನೆ ಮುಂದೆ ಸರ್ಕಾರಿ ಕಾರುಗಳ ಸಾಲು, ಇನ್ನೊಂದು ಮನೆ ಮುಂದೆ ಯಾರೂ ಇಲ್ಲ. ದುಡ್ಡು ಆಮೇಲೆ ಬಂತು, ಸರಿ. ಆದರೆ ಆ ಹನ್ನೊಂದು ತಿಂಗಳಲ್ಲಿ ಆ ಮನೆಯವರಿಗೆ ‘ನಿಮ್ಮ ಮಗ ನಮ್ಮ ಲೆಕ್ಕದಲ್ಲಿಲ್ಲ’ ಅಂತ ಹೇಳಿದ ಹಾಗಾಗಲಿಲ್ಲವಾ? ಪರಿಹಾರದಲ್ಲಿ ದುಡ್ಡಿನ ಜೊತೆಗೆ ಒಂದು ಮಾತೂ ಹೋಗುತ್ತೆ: ನಡೆದದ್ದು ತಪ್ಪು, ಅದು ನಮ್ಮೆಲ್ಲರ ವಿರುದ್ಧ ನಡೆದ ತಪ್ಪು ಅಂತ. ಆ ಮಾತನ್ನ ಕೆಲವರಿಗೆ ಮಾತ್ರ ಹೇಳಿದರೆ ಹೇಳಿಸಿಕೊಳ್ಳದವರಿಗೆ ಅದು ಎರಡನೇ ಏಟು. ಹೇಳಿಸಿಕೊಂಡವರಿಗೂ ಅದು ಪೂರ್ತಿ ಗೌರವ ಅಲ್ಲ. ಯಾಕಂದ್ರೆ ನಾಳೆ ಸರ್ಕಾರ ಬದಲಾದರೆ ಅವರ ಮಗನೂ ಬರೀ ಯಾವುದೋ ಒಂದು ಕಡೆಯವನು ಆಗಿಬಿಡುತ್ತಾನೆ.

ಹಾಗಾಗಿ ಪಟ್ಟಿ ಇರಬೇಕು ಅನ್ನೋದು. ಪಟ್ಟಿಗೆ ಹೃದಯ ಇಲ್ಲ ಅಂತೀವಿ, ಆದರೆ ಪಟ್ಟಿ ಮುಖ ನೋಡಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ನಿಯಮಗಳನ್ನ ನೋಡಿ. 2016ರ ತಿದ್ದುಪಡಿಯ ಪ್ರಕಾರ ಕೊಲೆಯಾದರೆ 8 ಲಕ್ಷ 25 ಸಾವಿರ. ಅರ್ಧ ಮರಣೋತ್ತರ ಪರೀಕ್ಷೆ ಆದ ಮೇಲೆ, ಇನ್ನರ್ಧ ಚಾರ್ಜ್‌ಶೀಟ್ ಕೋರ್ಟಿಗೆ ಹೋದಾಗ. ತೀರ್ಪಿನ ತನಕ ಕಾಯಬೇಕಿಲ್ಲ. ಜೊತೆಗೆ ಹೆಂಡತಿ ಅಥವಾ ಅವಲಂಬಿತರಿಗೆ ತಿಂಗಳ ಪಿಂಚಣಿ, ಮಕ್ಕಳ ಓದು ಅಂತೆಲ್ಲ ಬರೆದಿದ್ದಾರೆ. ಜಾರಿಯಲ್ಲಿ ಎಷ್ಟು ಅನ್ನೋದು ಆಮೇಲಿನ ಮಾತು. ಬರೆದಿಟ್ಟಿದ್ದಾರಲ್ಲ, ಬೆರಳು ತೋರಿಸಿ ಕೇಳೋಕೆ ಒಂದು ಪುಟ ಇದೆ. ಘೋಷಣೆ ನಂಬಿಕೊಂಡವರು ಕೈ ಮುಗಿಯಬೇಕು, ಪಟ್ಟಿ ಇದ್ದವರು ಅರ್ಜಿ ಹಾಕಬಹುದು.

‘ಯಾರಿಗೆ’ ಅನ್ನುವುದರಲ್ಲಿ ಇನ್ನೊಂದು ಮುಳ್ಳಿದೆ. ಸತ್ತವನೇ ರೌಡಿ ಆಗಿದ್ದರೆ? ಬ್ರಿಟನ್ನಿನ ಯೋಜನೆಯಲ್ಲಿ ಸಂತ್ರಸ್ತನ ಮೇಲೆ ಹಿಂದಿನ ಶಿಕ್ಷೆಗಳಿದ್ದರೆ ಪರಿಹಾರ ಕಡಿತ ಆಗಬಹುದು, ಪೂರ್ತಿ ಇಲ್ಲ ಅಂತಲೂ ಆಗಬಹುದು. ರೌಡಿ ಸತ್ತರೆ ನನ್ನ ದುಡ್ಡು ಯಾಕೆ ಅನ್ನೋದು ಸಹಜ. ನಾನೂ ಏಟು ತಿಂದು ಬದುಕಿರುವ ರೌಡಿಗೆ ಕೊಡೋದರ ಬಗ್ಗೆ ಹಿಂಜರಿಯುತ್ತೇನೆ. ಆದರೆ ಅವನು ಸತ್ತಿದ್ದರೆ ದುಡ್ಡು ಹೋಗೋದು ಅವನಿಗಲ್ಲ. ಅವನ ಏಳು ವರ್ಷದ ಮಗಳಿಗೆ. ಅವಳು ಯಾವ ರೌಡಿ ಶೀಟಿನಲ್ಲೂ ಇಲ್ಲ. ‘ಒಳ್ಳೇ ಸಂತ್ರಸ್ತ’, ‘ಕೆಟ್ಟ ಸಂತ್ರಸ್ತ’ ಅಂತ ಆರಿಸೋಕೆ ಶುರು ಮಾಡಿದರೆ ಅದು ಎಲ್ಲಿಗೆ ನಿಲ್ಲುತ್ತೆ ಅಂತ ಹೆಣ್ಣುಮಕ್ಕಳನ್ನ ಕೇಳಿ. ರಾತ್ರಿ ಅಷ್ಟೊತ್ತಲ್ಲಿ ಅಲ್ಲಿಗ್ಯಾಕೆ ಹೋಗಿದ್ಳು ಅನ್ನೋ ಪ್ರಶ್ನೆಯವರೆಗೆ ಬರುತ್ತೆ.

ಇನ್ನು ಕೊನೆಯ ಪ್ರಶ್ನೆ. ಕೊಟ್ಟ ಮೇಲೆ ಏನು ತೀರಿತು?

ಅದೇ 2022ರ ಜುಲೈ, ಇತ್ತ ಬಾಗಲಕೋಟೆ. ಕೆರೂರಿನ ಗಲಭೆಯಲ್ಲಿ ಗಾಯಗೊಂಡವರನ್ನ ನೋಡೋಕೆ ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಬಂದರು, ಎರಡು ಲಕ್ಷ ರೂಪಾಯಿ ಕೊಟ್ಟರು. ಗಾಯಾಳುಗಳ ಕಡೆಯ ಮಹಿಳೆಯೊಬ್ಬರು ಆ ನೋಟುಗಳನ್ನ ತಂದು ಅವರ ಜೊತೆಗಿದ್ದ ವಾಹನದ ಮೇಲೆ ಎಸೆದರು. ನೀವೂ ಆ ವಿಡಿಯೋ ನೋಡಿರಬಹುದು. ಅದು ಸರ್ಕಾರದ ದುಡ್ಡಲ್ಲ, ಆದರೂ ನಮ್ಮ ಚರ್ಚೆಗೆ ಸಂಬಂಧ ಇದೆ. ದುಡ್ಡು ಬೇಡ, ನಮಗೆ ನ್ಯಾಯ ಬೇಕು, ನೆಮ್ಮದಿಯಾಗಿ ಬದುಕೋಕೆ ಬಿಡಿ ಅನ್ನೋದು ಅವರ ಮಾತಿನ ತಾತ್ಪರ್ಯ.

ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. ‘ಪರಿಹಾರ’ ಅನ್ನುವ ಪದವೇ ಸ್ವಲ್ಪ ಮೋಸದ್ದು. ಸಮಸ್ಯೆಗೆ ಪರಿಹಾರ ಅಂತೀವಿ, ದೋಷಕ್ಕೆ ಪರಿಹಾರ ಅಂತೀವಿ. ಅಂದರೆ ಇದ್ದದ್ದು ಹೋಯಿತು, ಬಗೆಹರೀತು ಅಂತ. ಚೆಕ್ಕಿಗೂ ಅದೇ ಪದ. ಕೊಡುವವರ ತಲೆಯಲ್ಲಿ, ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ, ಟಿಕೆಟ್ ಕ್ಲೋಸ್. ಮನೆಯವರಿಗೆ ಏನೂ ಕ್ಲೋಸ್ ಆಗಿರಲ್ಲ. ಕುರ್ಚಿ ಖಾಲಿ ಇರುತ್ತೆ, ಕೇಸು ನಡೀತಾ ಇರುತ್ತೆ, ಆರೋಪಿ ಬೇಲ್ ಮೇಲೆ ಎದುರು ಬೀದಿಯಲ್ಲೇ ಓಡಾಡ್ತಿರ್ತಾನೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಯೆಮೆನ್‌ನಲ್ಲಿ ಮರಣದಂಡನೆಗೆ ಗುರಿಯಾದ ಕೇರಳದ ನರ್ಸ್ ಪ್ರಕರಣದಲ್ಲಿ ‘ದಿಯಾ’ ಅನ್ನೋ ಪದ ನಮ್ಮ ಪತ್ರಿಕೆಗಳಲ್ಲಿ ಬಂತು. ಅಲ್ಲಿ ದುಡ್ಡು ಕೊಡೋದು ಆರೋಪಿಯ ಕಡೆಯವರು. ಮೃತನ ಕುಟುಂಬ ತಗೊಂಡು ಕ್ಷಮಿಸಿದರೆ ಶಿಕ್ಷೆ ತಪ್ಪುತ್ತೆ. ನಮ್ಮ ಕಾನೂನಿನ ಪರಿಹಾರ ಹಾಗಲ್ಲ. ಇಲ್ಲಿ ಕೊಲೆ ಕೇಸು ರಾಜಿ ಮಾಡಿಕೊಳ್ಳುವಂಥದ್ದಲ್ಲ. ಪರಿಹಾರ ತಗೊಂಡರೆ ಕೇಸು ಸಡಿಲ ಆಗಲ್ಲ, ತಗೊಂಡವರು ಯಾರನ್ನೂ ಕ್ಷಮಿಸಿದ ಹಾಗಲ್ಲ. ಇದನ್ನ ಹಳ್ಳಿಗಳಲ್ಲಿ ಯಾರೂ ಬಿಡಿಸಿ ಹೇಳಲ್ಲ. ‘ದುಡ್ಡು ತಗೊಂಡ್ರಂತೆ, ಇನ್ನೇನು’ ಅನ್ನೋ ಮಾತು ಅರಳಿಕಟ್ಟೆಯಲ್ಲಿ ಬಲು ಬೇಗ ಹುಟ್ಟುತ್ತೆ. ಗಂಡ ಸತ್ತವಳು ಒಂದು ಹೊಸ ಸೀರೆ ಉಟ್ಟರೆ ಸಾಕು, ‘ಅವಳಿಗೇನಮ್ಮ, ಲಕ್ಷ ಬಂದಿದೆ’. ಗಂಡನ ಅಣ್ಣತಮ್ಮಂದಿರು ‘ನಮ್ಮ ಪಾಲು’ ಅಂತ ಬರ್ತಾರೆ. ಕೊಲೆ ಮಾಡಿದವನ ಬಗ್ಗೆ ಆಡದ ಮಾತನ್ನ ಊರು ಪರಿಹಾರ ತಗೊಂಡವಳ ಬಗ್ಗೆ ಆಡುತ್ತೆ.

ಸರ್ಕಾರಕ್ಕೂ ಅವಳ ಮೇಲೆ ಪೂರ್ತಿ ನಂಬಿಕೆ ಇಲ್ಲ ಅನ್ನಿ. ಆ 2018ರ ಯೋಜನೆಯಲ್ಲಿ ಮಂಜೂರಾದ ಮೊತ್ತದ ಶೇ. 75ನ್ನ ಕನಿಷ್ಠ ಮೂರು ವರ್ಷ ಎಫ್‌ಡಿ ಇಡಬೇಕು, ಶೇ. 25 ಮಾತ್ರ ಕೈಗೆ ಅನ್ನೋದು ಸಾಮಾನ್ಯ ನಿಯಮ. ನಮ್ಮ ಬೋನಸ್ಸನ್ನ ಕಂಪನಿಯವರು ಹೀಗೆ ಎಫ್‌ಡಿ ಮಾಡಿ ಕೊಟ್ಟರೆ ನಾವು ಸುಮ್ಮನಿರ್ತೀವಾ? ಆದರೂ ಬಾಗಿಲಲ್ಲಿ ಕಾಯುತ್ತಿರುವ ಆ ಪಾಲುದಾರರನ್ನ ನೆನೆಸಿಕೊಂಡರೆ, ಬ್ಯಾಂಕಿನಲ್ಲಿ ಬೀಗ ಹಾಕಿಟ್ಟ ದುಡ್ಡು ಅವಳಿಗೆ ರಕ್ಷಣೆಯೂ ಹೌದು. ಇದರಲ್ಲಿ ಯಾವುದು ಸರಿ ಅಂತ ಒಂದೇ ಮಾತಿನಲ್ಲಿ ಹೇಳೋಕೆ ನನ್ನಿಂದ ಆಗಲ್ಲ. ಅವಳನ್ನೇ ಕೇಳಿ ನಿರ್ಧರಿಸುವುದು ಸರಿ ಅನ್ನಿಸುತ್ತೆ.

ಹಾಗಂತ ದುಡ್ಡೇ ಬೇಡ ಅನ್ನೋದು ನಮ್ಮಂಥ ಸಂಬಳದವರು ಹೇಳುವ ಮಾತಲ್ಲ. ನಮ್ಮಲ್ಲಿ ಯಾರಿಗಾದರೂ ಹೆಚ್ಚುಕಮ್ಮಿ ಆದರೆ ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಇದೆ, ಪಿಎಫ್ ಇದೆ, ಟರ್ಮ್ ಪಾಲಿಸಿ ಇದೆ. ದಿನಗೂಲಿ ಮನೆಯಲ್ಲಿ ಒಂದು ಜೀವ ಹೋದರೆ ಮರುವಾರವೇ ಮಗಳ ಕಾಲೇಜು ನಿಲ್ಲುತ್ತೆ. ನ್ಯಾಯ ಮತ್ತು ದುಡ್ಡು ಒಂದಕ್ಕೊಂದು ಬದಲಿ ಅಲ್ಲ, ಎರಡೂ ಬೇಕು. ದುಡ್ಡು ಕೊಟ್ಟು ನ್ಯಾಯ ಮರೆಸೋದು ಎಷ್ಟು ತಪ್ಪೋ, ‘ನ್ಯಾಯ ಸಿಗಲಿ, ಆಮೇಲೆ ನೋಡೋಣ’ ಅಂತ ಹತ್ತು ವರ್ಷ ಹಸಿದಿಡೋದೂ ಅಷ್ಟೇ ತಪ್ಪು. ಹರಿಯಾಣದಲ್ಲಿ 2000ನೇ ಇಸವಿಯಲ್ಲಿ ತಂದೆ ಮಗ ಇಬ್ಬರನ್ನೂ ಹಣಕ್ಕಾಗಿ ಅಪಹರಿಸಿ ಕೊಂದ ಪ್ರಕರಣ. ಅದು ಸುಪ್ರೀಂ ಕೋರ್ಟಿನ ತನಕ ಬಂದ ಮೇಲೆ, 2014ರಲ್ಲಿ ನ್ಯಾಯಾಧೀಶರು ಗಮನಿಸಿದರು, ಆ ಮನೆಯ ಹೆಂಗಸಿಗೆ ಯಾರೂ ಪರಿಹಾರದ ಬಗ್ಗೆ ಯೋಚಿಸೇ ಇಲ್ಲ ಅಂತ. ಹತ್ತು ಲಕ್ಷದ ಮಧ್ಯಂತರ ಪರಿಹಾರಕ್ಕೆ ಆದೇಶಿಸಿದರು. ಮಧ್ಯಂತರ! ಹದಿನಾಲ್ಕು ವರ್ಷದ ನಂತರ. ಕೇಳಿ ಅಂತ ಹೇಳುವವರು ಇರಲಿಲ್ಲ, ಕೇಳಿದ್ದೀರಾ ಅಂತ ವಿಚಾರಿಸುವವರೂ ಇರಲಿಲ್ಲ.

ನಾವು ಮಾಡಬಹುದಾದ ಕೆಲಸ ಇರೋದು ಅಲ್ಲೇ ಅನ್ನಿಸುತ್ತೆ. ಪ್ರತಿ ಜಿಲ್ಲಾ ನ್ಯಾಯಾಲಯದಲ್ಲೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅಂತ ಒಂದು ಕಚೇರಿ ಇರುತ್ತೆ. ಅರ್ಜಿ ಅಲ್ಲಿಗೆ. ಕೇಸು ಮುಗಿಯೋ ತನಕ ಕಾಯಬೇಕಿಲ್ಲ, ಮಧ್ಯಂತರ ಪರಿಹಾರ ಕೇಳಬಹುದು. ವಿಚಾರಣೆಯನ್ನ ಎರಡು ತಿಂಗಳಲ್ಲಿ ಮುಗಿಸಬೇಕು ಅಂತ ಕಾನೂನಿನಲ್ಲೇ ಇದೆ. ಎಫ್‌ಐಆರ್ ಪ್ರತಿ, ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಪಾಸ್‌ಬುಕ್ ಅಂತ ದಾಖಲೆಗಳನ್ನ ಕೇಳ್ತಾರೆ. ಸಹಾಯವಾಣಿ 15100. ನಮಗೆ ಇದು ಒಂದು ಸಂಜೆಯ ಕೆಲಸ. ಅರ್ಜಿ ಬರೆಯೋಕೆ ಹೆದರುವ ಮನೆಗೆ ಅದು ವರ್ಷಗಳ ಕೆಲಸ. ನಿಮ್ಮೂರಲ್ಲಿ, ನಿಮ್ಮ ಅಪಾರ್ಟ್‌ಮೆಂಟಿಗೆ ಕೆಲಸಕ್ಕೆ ಬರುವವರ ಮನೆಯಲ್ಲಿ ಇಂಥದ್ದೇನಾದರೂ ಆದಾಗ ‘ಛೇ ಪಾಪ’ ಅನ್ನೋದರ ಜೊತೆಗೆ ಇಷ್ಟು ಹೇಳಿ, ಆದರೆ ಒಂದು ದಿನ ರಜೆ ಹಾಕಿ ಜೊತೆಗೆ ಹೋಗಿ.

ಇನ್ನು ಊಟದ ಟೇಬಲ್ಲಿನಲ್ಲಿ ‘ನಮ್ಮ ಟ್ಯಾಕ್ಸ್ ದುಡ್ಡು’ ಅನ್ನೋ ಮಾತು ಮತ್ತೆ ಬಂದಾಗ ನಾನು ಹೇಳೋದು ಇಷ್ಟೇ. ಹೌದು, ನಮ್ಮದೇ ದುಡ್ಡು. ಆ ಮಂತ್ರಿಗಳದ್ದಲ್ಲ. ಹಾಗಿದ್ದ ಮೇಲೆ ಅದು ಯಾರ ಮನೆಗೆ ಹೋಯಿತು, ಯಾರ ಮನೆಗೆ ಹೋಗಲಿಲ್ಲ, ಯಾವ ನಿಯಮದಲ್ಲಿ ಹೋಯಿತು ಅಂತ ಕೇಳುವ ಹಕ್ಕೂ ನಮ್ಮದೇ. ಕೊಡಬೇಡಿ ಅನ್ನೋದಕ್ಕಿಂತ, ಎಲ್ಲರಿಗೂ ಒಂದೇ ಅಳತೆಯಲ್ಲಿ, ಕೇಳಿಸಿಕೊಳ್ಳದೆ, ಹೊತ್ತಿಗೆ ಸರಿಯಾಗಿ ಕೊಡಿ ಅಂತ ಕೇಳೋದು ಆ ದುಡ್ಡಿನ ಒಡೆಯರಿಗೆ ಹೆಚ್ಚು ಒಪ್ಪುತ್ತೆ.